ಬರೀ ಗೂಡ್ಸ್ ಓಡುವ ಹಳಿಯಲ್ಲಿ ಒಂದು ದಿನದ ಪ್ರವಾಸ: ಉತ್ತರ ಕನ್ನಡದಲ್ಲಿ ಆಗುತ್ತದೆಯೇ?

ಓದುಗರ ಪ್ರಶ್ನೆ: ನಾವು ಕಾರವಾರ, ಕುಮಟಾ, ಶಿರಸಿ ಕಡೆಯ ಕೆಲವು ಗೆಳೆಯರು. ರೈಲು ಅಂದರೆ ನಮಗೆ ಪ್ರಾಣ. ಇಂಗ್ಲೆಂಡಿನಲ್ಲಿ ರೈಲು ಪ್ರಿಯರು ಇಡೀ ಗಾಡಿಯನ್ನೇ ಬಾಡಿಗೆಗೆ ಹಿಡಿದು, ಗೂಡ್ಸ್ ಮಾತ್ರ ಓಡುವ ಹಳಿಗಳ ಮೇಲೆ ಒಂದು ದಿನ ಸುತ್ತಿ ಬರುತ್ತಾರಂತೆ. ನಮ್ಮ ಜಿಲ್ಲೆಯಲ್ಲಿ ಇಂಥದ್ದು ಮಾಡಬಹುದಾ?

ಉತ್ತರ: ಒಂದು ಕಡೆ ಮಾಡಬಹುದು. ಅದು ಘಟ್ಟದ ಮೇಲೆ, ಅಳ್ನಾವರದಿಂದ ದಾಂಡೇಲಿಗೆ ಹೋಗುವ ಹಳಿಯಲ್ಲಿ. ಘಟ್ಟದ ಕೆಳಗೆ ಇಂಥ ಹಳಿಯೇ ಇಲ್ಲ.

ಮೊದಲು ಇಂಗ್ಲೆಂಡಿನ ವಿಷಯ. ಅಲ್ಲಿ ಇದು ಹಳೆಯ ಹವ್ಯಾಸ. 1955ರಲ್ಲಿ ಶುರುವಾದ ಬ್ರಾಂಚ್ ಲೈನ್ ಸೊಸೈಟಿಯಂಥ ಸಂಘಗಳು ಇವತ್ತಿಗೂ ಇಂಥ ಪ್ರವಾಸ ನಡೆಸುತ್ತವೆ. ಸಾಮರ್ಸೆಟ್‌ನ ಕಲ್ಲು ಕ್ವಾರಿಯ ಹಳಿ, ಉತ್ತರ ಯಾರ್ಕ್‌ಷೈರ್‌ನ ಬೌಲ್ಬಿ ಗಣಿಯ ಹಳಿ, ಹೀಗೆ ಸಾಮಾನ್ಯ ಟಿಕೆಟ್‌ನಲ್ಲಿ ಯಾರೂ ಹೋಗಲಾಗದ ಜಾಗಗಳಿಗೆ ಗಾಡಿ ಹೋಗುತ್ತದೆ. 1960ರ ದಶಕದಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಡಬ್ಬಿಗಳಲ್ಲೇ ಜನ ಕೂತು ಸುತ್ತಿದ್ದೂ ಉಂಟು. ಗಣಿ, ಕ್ವಾರಿಗಳ ಹಳಿ ಕೊನೆಗೆ ಮುಗಿದುಬಿಡುತ್ತದೆ. ಅಲ್ಲಿ ಇಂಜಿನ್ ಬಿಚ್ಚಿ ಈ ತುದಿಯಿಂದ ಆ ತುದಿಗೆ ತರಲು ಜಾಗ ಇರುವುದಿಲ್ಲ. ಹಾಗಾಗಿ ಗಾಡಿಯ ಎರಡೂ ತುದಿಗೆ ಒಂದೊಂದು ಇಂಜಿನ್ ಕಟ್ಟಿಕೊಂಡೇ ಹೊರಡುತ್ತಾರೆ.

ಇನ್ನೊಂದು ಕೆಲಸವೂ ಇದೆ. ಗೂಡ್ಸ್ ಹಳಿಗಳಲ್ಲಿ ಎಷ್ಟೋ ಪಾಯಿಂಟ್‌ಗಳಿಗೆ, ಅಂದರೆ ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗುವ ಜಾಗಗಳಿಗೆ, ಪ್ರಯಾಣಿಕರ ಗಾಡಿಗೆ ಬೇಕಾದಂಥ ಲಾಕ್ ಇರುವುದಿಲ್ಲ. ಗಾಡಿ ಬರುವ ಮೊದಲು ಸಿಬ್ಬಂದಿ ಹೋಗಿ ಒಂದೊಂದಕ್ಕೂ ಕ್ಲ್ಯಾಂಪ್ ಹಾಕಿ ಬಿಗಿಯಬೇಕು. ಗಾಡಿ ದಾಟಿದ ಮೇಲೆ ಬಿಚ್ಚಬೇಕು. ಒಂದು ದಿನದ ಮೋಜಿನ ಹಿಂದೆ ಹಳಿಯ ಮೇಲೆ ದುಡಿಯುವವರ ಇಷ್ಟೆಲ್ಲ ಕೆಲಸ ಇರುತ್ತದೆ. ಇದನ್ನು ತಿಳಿದುಕೊಂಡು ಹೋದರೆ ಪ್ರವಾಸದ ಬೆಲೆ ಇನ್ನೂ ಜಾಸ್ತಿ ಅನ್ನಿಸುತ್ತದೆ.

ಈಗ ನಮ್ಮ ಕರಾವಳಿಗೆ ಬರೋಣ. ಅಸ್ನೋಟಿಯಿಂದ ಭಟ್ಕಳದವರೆಗೆ ನಮ್ಮಲ್ಲಿರುವುದು ಕೊಂಕಣ ರೈಲ್ವೆಯ ಒಂದೇ ಮುಖ್ಯ ಹಳಿ. 1998ರ ಜನವರಿ 26ರಂದು ಪೂರ್ತಿ ಮಾರ್ಗ ಶುರುವಾದಾಗಿನಿಂದ ಎಕ್ಸ್‌ಪ್ರೆಸ್, ಪ್ಯಾಸೆಂಜರ್, ಗೂಡ್ಸ್ ಎಲ್ಲ ಇದರ ಮೇಲೇ. ಅದಕ್ಕೇ ಹಾರವಾಡದಲ್ಲೋ ಮಿರ್ಜಾನದಲ್ಲೋ ನಿಮ್ಮ ಗಾಡಿ ಸುಮ್ನೆ ನಿಂತಿರುತ್ತದೆ, ಅಲ್ವಾ? ಎದುರಿನಿಂದ ಬರುವ ಗಾಡಿಗೆ ಕ್ರಾಸಿಂಗ್ ಕೊಡಬೇಕು.

ಬಂದರು ಇದೆಯಲ್ಲ, ಅಲ್ಲಿಗೊಂದು ಗೂಡ್ಸ್ ಹಳಿ ಇರಲೇಬೇಕು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಇಲ್ಲ. ಕಾರವಾರ ಬಂದರಿಗೆ ರೈಲು ಸಂಪರ್ಕ ಇಲ್ಲ. ನಿಲ್ದಾಣ ಇರುವುದು ದೂರದ ಶಿರವಾಡದಲ್ಲಿ. ಬೇಲೆಕೇರಿಗೂ ಇಲ್ಲ. ಅದಿರಿನ ಭರಾಟೆಯ ಆ ವರ್ಷಗಳಲ್ಲಿ ಹೊಸಪೇಟೆ, ಬಳ್ಳಾರಿ ಕಡೆಯ ಅದಿರು ಅರಬೈಲ್ ಘಟ್ಟ ಇಳಿದು ಬಂದಿದ್ದು ಲಾರಿಗಳಲ್ಲಿ. ಆ ರಸ್ತೆಯಲ್ಲಿ ಓಡಾಡಿದವರಿಗೆ ಅದು ಚೆನ್ನಾಗಿ ನೆನಪಿದೆ. ಹುಬ್ಬಳ್ಳಿ–ಅಂಕೋಲಾ ಮಾರ್ಗ ಆಗಿದ್ದರೆ ಕಥೆ ಬೇರೆ ಇರುತ್ತಿತ್ತು. ಸುಮಾರು 164 ಕಿ.ಮೀ.ಗಳ ಆ ಯೋಜನೆ 1990ರ ದಶಕದಿಂದಲೂ ಇದೆ. ದಟ್ಟ ಕಾಡಿನ ನಡುವೆ ಹೋಗಬೇಕಾದ್ದರಿಂದ ಅನುಮತಿ, ಕೋರ್ಟು ಅಂತ ಎಳೆದುಕೊಂಡೇ ಬಂದಿದೆ. ಶಿರಸಿಯವರಿಗಂತೂ ಊರಿಗೆ ಹಳಿಯೇ ಬಂದಿಲ್ಲ. ತಾಳಗುಪ್ಪ, ಕುಮಟಾ, ಹಾವೇರಿ, ಎಲ್ಲಿಗೆ ಹೋದರೂ ಮೊದಲು ಬಸ್ಸು ಹತ್ತಬೇಕು.

ಕರಾವಳಿಯಲ್ಲಿ ಗೂಡ್ಸ್ ಗಾಡಿಯ ಮೇಲೆ ಕೂತು ಪ್ರಯಾಣ ಮಾಡುವವರು ಒಬ್ಬರೇ, ಲಾರಿಯವರು. 1999ರಲ್ಲಿ ಕೊಂಕಣ ರೈಲ್ವೆ ಶುರು ಮಾಡಿದ ರೋರೋ ಸೇವೆಯಲ್ಲಿ ತುಂಬಿದ ಲಾರಿಗಳನ್ನೇ ಚಪ್ಪಟೆ ವ್ಯಾಗನ್‌ಗಳ ಮೇಲೆ ಹತ್ತಿಸಿ ಒಯ್ಯುತ್ತಾರೆ. ಡ್ರೈವರ್ ಮತ್ತು ಕ್ಲೀನರ್ ತಮ್ಮ ಲಾರಿಯಲ್ಲೇ ಇರುತ್ತಾರೆ. ಸುರತ್ಕಲ್‌ನಲ್ಲಿ ಹತ್ತಿದ ಲಾರಿ ಹೊನ್ನಾವರದಲ್ಲಿ ಎರಡು ಕಿ.ಮೀ.ಗೂ ಉದ್ದದ ಶರಾವತಿ ಸೇತುವೆ ದಾಟುವಾಗ, ಎರಡೂ ಕಡೆ ನೀರು, ಮುಂದೆ ಬರೀ ಗಾಜು! ನಿಜ ಹೇಳಬೇಕೆಂದರೆ ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ಆದರೆ ಹವ್ಯಾಸಿಗಳಿಗೆ ಅಲ್ಲಿ ಜಾಗ ಇಲ್ಲ.

ಉಳಿದದ್ದು ದಾಂಡೇಲಿ. ಅಳ್ನಾವರದಲ್ಲಿ ಹುಬ್ಬಳ್ಳಿ–ಲೋಂಡಾ ಮುಖ್ಯ ಮಾರ್ಗದಿಂದ ಕವಲೊಡೆದು ಕಾಡಿನೊಳಗೆ ಹೋಗುವ ಈ ಹಳಿಯನ್ನು ಹಾಕಿದ್ದು ಬ್ರಿಟಿಷರ ಕಾಲದಲ್ಲಿ, ಮರ ಸಾಗಿಸಲು. ಆಮೇಲೆ ದಾಂಡೇಲಿಯ ಕಾಗದ ಕಾರ್ಖಾನೆಯ ಸರಕಿಗೆ ಇದೇ ದಾರಿಯಾಯಿತು. 1990ರ ದಶಕದಲ್ಲಿ ಪ್ರಯಾಣಿಕರ ಗಾಡಿ ನಿಂತು ಗೂಡ್ಸ್ ಮಾತ್ರ ಉಳಿಯಿತು. ಊರಿನವರು ವರ್ಷಗಟ್ಟಲೆ ಕೇಳಿದ ಮೇಲೆ 2019ರ ನವೆಂಬರ್‌ನಲ್ಲಿ ಧಾರವಾಡದಿಂದ ದಾಂಡೇಲಿಯ ಅಂಬೇವಾಡಿ ನಿಲ್ದಾಣಕ್ಕೆ ಪ್ಯಾಸೆಂಜರ್ ಮತ್ತೆ ಬಂತು. ಕೆಲವೇ ತಿಂಗಳಲ್ಲಿ ಕೋವಿಡ್ ಬಂದು ಅದೂ ನಿಂತಿತು.

ಆ ಕೆಲವು ತಿಂಗಳು ನಿಮಗೆ ಬಹಳ ಮುಖ್ಯ. ಯಾಕೆ ಅಂತ ಹೇಳುತ್ತೇನೆ.

ನಮ್ಮಲ್ಲಿ ಹಳಿ ಇದೆ ಅಂತ ಪ್ರಯಾಣಿಕರನ್ನು ಕೂರಿಸಿಕೊಂಡು ಓಡಿಸುವ ಹಾಗಿಲ್ಲ. 1989ರ ರೈಲ್ವೆ ಕಾಯ್ದೆ ಪ್ರಕಾರ, ಯಾವುದೇ ಮಾರ್ಗವನ್ನು ಪ್ರಯಾಣಿಕರಿಗೆ ತೆರೆಯುವ ಮೊದಲು ರೈಲ್ವೆ ಸುರಕ್ಷತಾ ಆಯುಕ್ತರು ಪರಿಶೀಲಿಸಬೇಕು. ಈ ಆಯುಕ್ತರು ರೈಲ್ವೆ ಸಚಿವಾಲಯದ ಕೈಕೆಳಗೆ ಬರುವುದಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿ ಬರುತ್ತಾರೆ. ರೈಲ್ವೆಯ ಕೆಲಸವನ್ನು ಹೊರಗಿನವರು ನೋಡಲಿ ಎಂದೇ ಈ ವ್ಯವಸ್ಥೆ. ಹಳಿ, ಸಿಗ್ನಲ್, ಪಾಯಿಂಟ್, ಗೇಟು, ಸೇತುವೆ ಎಲ್ಲವೂ ಸರಿ ಇದ್ದರೆ ಮಾತ್ರ ಒಪ್ಪಿಗೆ. ಬರೀ ಸರಕಿಗೆಂದು ಹಾಕಿದ ಹಳಿಗೆ ಅಥವಾ ಕಾರ್ಖಾನೆ ಆವರಣದೊಳಗಿನ ಖಾಸಗಿ ಸೈಡಿಂಗ್‌ಗೆ ಈ ಒಪ್ಪಿಗೆ ಇರುವುದಿಲ್ಲ. ಅಲ್ಲಿಗೆ ಎಷ್ಟು ದುಡ್ಡು ಕೊಟ್ಟರೂ ಗಾಡಿ ಸಿಗದು. ಅಂಬೇವಾಡಿಯವರೆಗೆ ಮಾತ್ರ ಈಚಿನ ಕಾಲದಲ್ಲೇ ಜನ ಟಿಕೆಟ್ ಕೊಂಡು ಪ್ರಯಾಣ ಮಾಡಿದ್ದಾರೆ. ಜಿಲ್ಲೆಯ ಒಳಗೆ ನಿಮ್ಮ ಆಸೆಗೆ ಬಾಗಿಲು ತೆರೆದಿರುವುದು ಅಲ್ಲೊಂದೇ.

ಖರ್ಚು? ಇಡೀ ಗಾಡಿ ಬಾಡಿಗೆಗೆ ಪಡೆಯಲು ಐಆರ್‌ಸಿಟಿಸಿಯಲ್ಲಿ ಎಫ್‌ಟಿಆರ್ ಅನ್ನುವ ವ್ಯವಸ್ಥೆ ಇದೆ. ಪೂರ್ತಿ ದರ ಕೊಟ್ಟು ವಿಶೇಷ ಗಾಡಿ ಓಡಿಸಿಕೊಳ್ಳುವುದು. ಕಡಿಮೆ ಅಂದರೂ 30 ದಿನ ಮೊದಲು ಅರ್ಜಿ ಹಾಕಬೇಕು. ಒಂದೊಂದು ಕೋಚಿಗೆ 50,000 ರೂಪಾಯಿ ಠೇವಣಿ. ಇಡೀ ಗಾಡಿಗೆ ಕನಿಷ್ಠ 18 ಕೋಚಿನ ಲೆಕ್ಕ, ಹೆಚ್ಚೆಂದರೆ 24. ಅಂದರೆ ಠೇವಣಿಯೇ 9 ಲಕ್ಷ. ಒಂದೇ ಕೋಚ್ ತೆಗೆದುಕೊಂಡು ಓಡುವ ಗಾಡಿಗೆ ಸೇರಿಸಿಕೊಳ್ಳಲೂ ಅವಕಾಶ ಇದೆ. ಆದರೆ ಸೇರಿಸಲು ಆ ಮಾರ್ಗದಲ್ಲಿ ಪ್ರಯಾಣಿಕರ ಗಾಡಿಯೊಂದು ಓಡುತ್ತಿರಬೇಕಲ್ಲ?

ಹಾಗಾಗಿ ನನ್ನ ಸಲಹೆ ಇದು. ನಾಲ್ಕಾರು ಗೆಳೆಯರು ಲಕ್ಷಗಟ್ಟಲೆ ಹೊಂದಿಸಲು ಒದ್ದಾಡುವ ಬದಲು, ದಾಂಡೇಲಿಯವರ ಜೊತೆ ಸೇರಿ. ಧಾರವಾಡ–ಅಂಬೇವಾಡಿ ಗಾಡಿ ನಿಯಮಿತವಾಗಿ ಓಡಲಿ ಎಂದು ಕೇಳುತ್ತಿರುವವರಿಗೆ ನಿಮ್ಮ ದನಿಯೂ ಸೇರಲಿ. ಅದು ಓಡಿದರೆ ನಿಮಗೆ ಬೇಕಾದ ಪ್ರವಾಸ ಸಾಮಾನ್ಯ ಟಿಕೆಟ್‌ನಲ್ಲೇ ಸಿಗುತ್ತದೆ. ಬೇಕಾದರೆ ತಿಂಗಳಿಗೊಮ್ಮೆ ಹೋಗಬಹುದು. ಅಲ್ಲಿನ ವಿದ್ಯಾರ್ಥಿಗಳಿಗೆ, ಧಾರವಾಡ, ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗುವವರಿಗೆ ದಿನವೂ ಉಪಯೋಗ. ಒಂದು ದಿನದ ವಿಶೇಷ ಗಾಡಿಗಿಂತ ಇದು ದೊಡ್ಡದು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಅಲ್ಲಿಯವರೆಗೆ ಕಾಯಲಾಗದು ಅನ್ನುವವರು ಕ್ಯಾಸಲ್‌ರಾಕ್‌ಗೆ ಹೋಗಿ. ಅದೂ ನಮ್ಮ ಜಿಲ್ಲೆಯೇ, ಜೋಯಿಡಾ ತಾಲ್ಲೂಕು. ಗೂಡ್ಸ್ ಗಾಡಿಗಳನ್ನು ನೋಡಲು ಇಷ್ಟು ಒಳ್ಳೆಯ ಜಾಗ ನಮ್ಮಲ್ಲಿ ಇನ್ನೊಂದಿಲ್ಲ. ಮುರ್ಮಗೋವಾ ಬಂದರಿನಿಂದ ಇಲ್ಲಿಗೆ 1888ರಲ್ಲೇ ರೈಲು ಬಂದಿತ್ತು. ಆಗ ಗೋವಾ ಪೋರ್ಚುಗೀಸರದ್ದು, ಹಾಗಾಗಿ ಇದು ಗಡಿಯ ನಿಲ್ದಾಣ. ಕೆಳಗಿನ ಕುಳೆಯಿಂದ ಬರುವ ಘಟ್ಟದಲ್ಲಿ ಏರು 37ಕ್ಕೆ 1, ಅಂದರೆ 37 ಮೀಟರ್ ಮುಂದೆ ಹೋಗುವಷ್ಟರಲ್ಲಿ 1 ಮೀಟರ್ ಮೇಲೇರಬೇಕು. ರಸ್ತೆಗೆ ಇದು ಏನೂ ಅಲ್ಲ, ರೈಲಿಗೆ ಕಡಿದಾದ ಏರು. ಬಂದರಿನಿಂದ ಕಲ್ಲಿದ್ದಲು ತುಂಬಿ ಬರುವ ಗಾಡಿಗೆ ಮುಂದಿನ ಇಂಜಿನ್‌ಗಳು ಸಾಲುವುದಿಲ್ಲ, ಹಿಂದಿನಿಂದ ಬ್ಯಾಂಕರ್ ಇಂಜಿನ್‌ಗಳು ತಳ್ಳಬೇಕು. ಮೇಲೆ ಬಂದ ಮೇಲೆ ಅವನ್ನು ಬಿಚ್ಚುತ್ತಾರೆ. ಪ್ಲಾಟ್‌ಫಾರ್ಮ್ ಮೇಲೆ ನಿಂತು ಇದನ್ನೆಲ್ಲ ನೋಡಬಹುದು.

ಕಾರವಾರದಿಂದ ಮಡಗಾಂವ್‌ಗೆ ಹೋಗಿ ಗಾಡಿ ಬದಲಿಸಿ ಕ್ಯಾಸಲ್‌ರಾಕ್ ತಲುಪಿ. ವಾಪಸ್ ಬರುವಾಗ ರೈಲು ಹೊಂದದಿದ್ದರೆ ಜೋಯಿಡಾ, ಅಣಶಿ, ಕದ್ರಾ ಮೇಲಿನ ರಸ್ತೆ ಇದೆ. ಮಳೆಗಾಲ ಬೇಡ. ಆಗ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ಗಾಡಿಗಳ ವೇಗವೂ ಕಡಿಮೆ.

ಒಂದು ಮಾತು ಮಾತ್ರ ಮರೆಯಬೇಡಿ. ಹಳಿ ಮೇಲೆ ನಡೆಯಬೇಡಿ, ಗೂಡ್ಸ್ ಗಾಡಿ ಹತ್ತಲು ನೋಡಬೇಡಿ. ಅತಿಕ್ರಮ ಪ್ರವೇಶಕ್ಕೆ 6 ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ ಅಂತ ಕಾಯ್ದೆಯ 147ನೇ ಕಲಮು ಹೇಳುತ್ತದೆ. 2023ರ ಮಳೆಗಾಲದಲ್ಲಿ ದೂಧ್‌ಸಾಗರಕ್ಕೆ ಹಳಿ ಹಿಡಿದು ಹೊರಟವರನ್ನು ಪೊಲೀಸರು ತಡೆದಿದ್ದು ಸುದ್ದಿಯಾಗಿತ್ತು. ಆ ಘಟ್ಟದ ತಿರುವುಗಳಲ್ಲಿ, ಸುರಂಗಗಳಲ್ಲಿ ಗಾಡಿ ಬಂದರೆ ಪಕ್ಕಕ್ಕೆ ಸರಿಯಲೂ ಜಾಗ ಇರುವುದಿಲ್ಲ.

ದಾಂಡೇಲಿ ಹಳಿಯ ಬಗ್ಗೆ ಕೇಳಬೇಕಾದ್ದು ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗವನ್ನು. ಪತ್ರದಲ್ಲಿ ಬರೀ ಆಸೆ ಹೇಳಿಕೊಳ್ಳಬೇಡಿ, ನೇರವಾಗಿ ಪ್ರಶ್ನೆ ಕೇಳಿ: ಪ್ರಯಾಣಿಕರ ಗಾಡಿಗೆ ಈಗಲೂ ಈ ಹಳಿ ಯೋಗ್ಯವೇ, ವೇಗದ ಮಿತಿ ಎಷ್ಟು, ಅಂಬೇವಾಡಿಯ ಲೂಪ್‌ನಲ್ಲಿ, ಅಂದರೆ ಮುಖ್ಯ ಹಳಿಯ ಪಕ್ಕದ ಹಳಿಯಲ್ಲಿ, ಎಷ್ಟು ಕೋಚ್ ಹಿಡಿಯುತ್ತದೆ, ಇಂಜಿನ್ ಬಿಚ್ಚಿ ಗಾಡಿಯ ಆ ತುದಿಗೆ ತರಲು ಎಷ್ಟು ಹೊತ್ತು ಬೇಕು. ಈ ನಾಲ್ಕಕ್ಕೆ ಉತ್ತರ ಬಂದರೆ, ವಿಶೇಷ ಗಾಡಿಗೂ ನಿತ್ಯದ ಗಾಡಿಗೂ ಅದೇ ಆಧಾರ.