ಟೀ ಕೊಡೋ ಕೆಲಸ ಆದ್ರೂ ಪರವಾಗಿಲ್ವಾ?

ಪ್ರಶ್ನೆ: ಸರ್, ನಾನು ನಿರ್ದೇಶಕ ಆಗಬೇಕು. ಗಾಂಧಿನಗರದಲ್ಲಿ ಯಾರ ಪರಿಚಯವೂ ಇಲ್ಲ. ಟೀ ಕೊಡೋ ಕೆಲಸ ಆದ್ರೂ ಪರವಾಗಿಲ್ಲ, ಒಂದ್ಸಲ ಸೆಟ್ ಒಳಗೆ ಹೋದ್ರೆ ಸಾಕು. ಹೇಗೆ ಶುರು ಮಾಡಲಿ?

ಉತ್ತರ: ಕೇಳುವವರ ಹೆಸರು ಬೇರೆ, ಊರು ಬೇರೆ. ಟೀ ಮಾತ್ರ ಅದೇ. ಇನ್ನೊಮ್ಮೆ ಹೇಳುತ್ತೇನೆ: ಟೀ ಕೊಡೋ ಕೆಲಸದಿಂದ ನಿರ್ದೇಶನಕ್ಕೆ ದಾರಿ ಇಲ್ಲ.

ಇಂಗ್ಲೆಂಡಿನಲ್ಲಿ ರನ್ನರ್ ಅಂತ ಒಂದು ಕೆಲಸವಿದೆ. ಟೀ ತರುವವನು, ಕಲಾವಿದರನ್ನು ಕರೆತರುವವನು, ರಸ್ತೆಯಲ್ಲಿ ಜನರನ್ನು ತಡೆಯುವವನು, ಎಲ್ಲ ಅವನೇ. ನಮ್ಮಲ್ಲಿ ಹಾಗಿಲ್ಲ. ಟೀ, ತಿಂಡಿ, ಊಟ, ಕುರ್ಚಿ ಪ್ರೊಡಕ್ಷನ್ ಹುಡುಗರದ್ದು. ಅವರು ಮ್ಯಾನೇಜರ್ ಮಾತು ಕೇಳುತ್ತಾರೆ, ಮುಂದೆ ಮ್ಯಾನೇಜರೇ ಆಗುತ್ತಾರೆ. ಲೈಟ್‌ನವರದ್ದು ಇನ್ನೊಂದು ಲೋಕ. ಸೆಟ್ ಹುಡುಗರು ಕಲಾ ನಿರ್ದೇಶಕರ ಕಡೆಯವರು. ಅವರ ಸಂಘ ಬೇರೆ, ಇವರ ಸಂಘ ಬೇರೆ. ನೂರು ಜನಕ್ಕೆ ಹೊತ್ತಿಗೆ ಸರಿಯಾಗಿ ಊಟ ಹಾಕೋದು ಸಣ್ಣ ವಿದ್ಯೆ ಅಲ್ಲ. ಅದು ಅವರ ಅನ್ನ. ನೀವು ಮೂರು ತಿಂಗಳ ಮಟ್ಟಿಗೆ ಏಣಿ ಮಾಡಿಕೊಳ್ಳೋಕೆ ಇಟ್ಟಿದ್ದಲ್ಲ.

‘ರಿಷಬ್ ಶೆಟ್ಟಿ ಸ್ಪಾಟ್ ಬಾಯ್ ಆಗಿದ್ರಲ್ಲ ಸರ್?’ ಗೊತ್ತು, ಬರುತ್ತೆ ಈ ಪ್ರಶ್ನೆ. ಸೆಟ್‌ನಲ್ಲಿ ಟೀ, ನೀರು ಅಂತ ಓಡಾಡುವ ಹುಡುಗ ಆಗಿದ್ದರು, ನಿಜ. ಜೊತೆಗೆ ಕ್ಲಾಪ್ ಹೊಡೆದರು, ಸಹಾಯಕ ನಿರ್ದೇಶಕರಾಗಿ ದುಡಿದರು, ನಿರ್ದೇಶನದ ಡಿಪ್ಲೊಮಾ ಮಾಡಿದ್ದರು. ಅದನ್ನೆಲ್ಲ ಬಿಟ್ಟು ಒಂದನ್ನೇ ಹಿಡಿದುಕೊಂಡರೆ ಹೇಗೆ? ಯಶ್ ಟೀ ಕೊಟ್ಟರು ಅಂತೀರಿ. ಅದು ‘ಬೆನಕ’ ನಾಟಕ ತಂಡದಲ್ಲಿ, ರಂಗದ ಹಿಂದೆ. ನಾಟಕದಲ್ಲಿ ಪರದೆ ಎಳೆದವನೇ ನಾಳೆ ಪಾತ್ರ ಮಾಡುತ್ತಾನೆ, ಮಧ್ಯೆ ಗೋಡೆ ಇಲ್ಲ. ಸಿನಿಮಾ ಸೆಟ್‌ನಲ್ಲಿ ಇದೆ.

ನಿಮ್ಮ ಬಾಗಿಲು ಸಹಾಯಕ ನಿರ್ದೇಶಕನದ್ದು. ಸಿನಿಮಾಕ್ಕಿಂತ ಸೀರಿಯಲ್‌ನಲ್ಲಿ ಅದು ಬೇಗ ತೆರೆಯುತ್ತೆ. ವಾರಕ್ಕೆ ಐದಾರು ಕಂತು ಪ್ರಸಾರ ಆಗಬೇಕು, ಕೈಗಳು ಸಾಲಲ್ಲ. ಅಲ್ಲಿ ಮೊದಲು ಕೇಳೋದು ‘ಕನ್ನಡ ಸರಾಗವಾಗಿ ಓದ್ತೀಯಾ?’ ಅಂತ. ಡೈಲಾಗ್ ಬಾಯಿಪಾಠ ಇಲ್ಲದವರಿಗೆ, ಕನ್ನಡವೇ ಬಾರದ ನಟಿಯರಿಗೆ ಕ್ಯಾಮೆರಾ ಪಕ್ಕ ನಿಂತು ಪ್ರಾಂಪ್ಟಿಂಗ್ ಮಾಡಬೇಕು, ಅಂದರೆ ಡೈಲಾಗ್ ಓದಿ ಹೇಳಿಕೊಡಬೇಕು. ನನ್ನ ಮೊದಲ ಎರಡು ತಿಂಗಳು ಅದರಲ್ಲೇ ಹೋಯಿತು. ಗಂಟಲು ಬಿದ್ದುಹೋಗಿತ್ತು, ಸಿಕ್ಕಿದ್ದು ಬಸ್ ಚಾರ್ಜ್. ಆಮೇಲೆ ಕಂಟಿನ್ಯುಟಿ, ಅಂದರೆ ಒಂದು ಶಾಟ್‌ನಲ್ಲಿ ಇದ್ದದ್ದು ಮುಂದಿನ ಶಾಟ್‌ನಲ್ಲೂ ಹಾಗೇ ಇರೋ ಹಾಗೆ ನೋಡಿಕೊಳ್ಳೋದು: ಅತ್ತೆ ಲೋಟ ಹಿಡಿದದ್ದು ಎಡಗೈಲೋ ಬಲಗೈಲೋ, ಸೆರಗಿಗೆ ಪಿನ್ ಇತ್ತೋ ಇಲ್ಲವೋ. ಫೋನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಆದರೂ ಬರೆದುಕೊಳ್ಳಿ.

ದುಡ್ಡು ತಗೊಂಡು ಚಾನ್ಸ್ ಕೊಡ್ತೀನಿ ಅನ್ನುವವರಿಗೆ ನಮಸ್ಕಾರ ಹಾಕಿ ಬನ್ನಿ. ಅದರ ಬಗ್ಗೆ ಜಾಸ್ತಿ ಹೇಳೋದೇನೂ ಇಲ್ಲ.

ಇನ್ನು ಕ್ಲಾಪ್, ಅಂದರೆ ಶಾಟ್‌ಗೆ ಮುಂಚೆ ಕ್ಯಾಮೆರಾ ಮುಂದೆ ಹಿಡಿದು ಹೊಡೆಯುವ ಪಟ್ಟಿ ಇರೋ ಬೋರ್ಡ್. ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಯಾಕಂದರೆ ಹೊಸ ಹುಡುಗರು ಅದನ್ನು ಪೂಜೆಯ ಗಂಟೆ ಅಂದುಕೊಂಡಿರುತ್ತಾರೆ. ಚಿತ್ರ ಒಂದು ಕಡೆ, ಶಬ್ದ ಇನ್ನೊಂದು ಕಡೆ ರೆಕಾರ್ಡ್ ಆಗುತ್ತೆ. ಎರಡು ಪಟ್ಟಿ ತಾಗಿದ ಫ್ರೇಮಿಗೆ ಆ ‘ಟಪ್’ ಶಬ್ದ ಕೂರಿಸಿದರೆ ತುಟಿಗೂ ಮಾತಿಗೂ ಹೊಂದಿಕೆಯಾಗುತ್ತೆ. ಹೇಗೂ ಆಮೇಲೆ ಡಬ್ಬಿಂಗ್ ಮಾಡ್ತೀವಲ್ಲ, ಕ್ಲಾಪ್ ಯಾಕೆ ಅಂತೀರಾ? ಡಬ್ಬಿಂಗ್‌ಗೂ ಸೆಟ್‌ನ ಪೈಲಟ್ ಸೌಂಡ್ ಬೇಕು, ಅಂದರೆ ಶೂಟಿಂಗ್ ಹೊತ್ತಲ್ಲಿ ರೆಕಾರ್ಡ್ ಆದ ಕಚ್ಚಾ ಮಾತು; ಅದನ್ನು ಕೇಳಿಕೊಂಡೇ ಡಬ್ ಮಾಡೋದು. ಬೋರ್ಡ್ ಮೇಲಿನ ಸೀನ್, ಶಾಟ್, ಟೇಕ್ ನಂಬರ್ ಇಲ್ಲದಿದ್ದರೆ ಎಡಿಟರ್ ಯಾವ ಟೇಕ್ ಯಾವುದು ಅಂತ ಹುಡುಕುತ್ತಾ ಕೂರಬೇಕು. ಹಾಗಾಗಿ ನಂಬರ್ ದಪ್ಪಗೆ ಬರೆಯಿರಿ, ಬೆರಳು ಅಡ್ಡ ಇಡಬೇಡಿ, ಕ್ಲೋಸಪ್ ಇದ್ದಾಗ ನಟನ ಮೂಗಿನ ಹತ್ತಿರ ಜೋರಾಗಿ ಹೊಡೆಯಬೇಡಿ. ಕೆಲವು ಸಲ ಶಾಟ್ ಮುಗಿದ ಮೇಲೆ ಬೋರ್ಡನ್ನು ತಲೆಕೆಳಗೆ ಹಿಡಿದು ಹೊಡೆಯುತ್ತಾರೆ. ಶುರುವಿನಲ್ಲಿ ಹೊಡೆದಿಲ್ಲ, ಇದು ಕೊನೆಯದ್ದು ಅಂತ ಎಡಿಟರ್‌ಗೆ ಗುರುತು. ಮೊದಲ ದಿನ ಅದನ್ನು ನೋಡಿ ‘ಅಣ್ಣಾ, ಬೋರ್ಡ್ ಉಲ್ಟಾ ಇದೆ’ ಅಂತ ನಾನು ಕೂಗಿದ್ದೆ. ಇಡೀ ಸೆಟ್ ನಕ್ಕಿತ್ತು.