ಪಿಎಚ್ ನೋಡಿ ಪುಡಿ ಸುರಿಯುವ ಮುನ್ನ

ಮಂಗಳೂರು ಸುತ್ತಮುತ್ತ ಉಪ್ಪುನೀರಿನ ಅಕ್ವೇರಿಯಂ ಇಟ್ಟವರ ಟ್ಯಾಂಕ್ ನೋಡಿಕೊಳ್ಳುವುದು ನನ್ನ ಕೆಲಸ. ಮೊದಲೆಲ್ಲ ಬರುತ್ತಿದ್ದ ಫೋನುಗಳು "ಮೀನು ತಿಂಡಿ ಮುಟ್ಟುತ್ತಿಲ್ಲ", "ಹವಳ ಅರಳುತ್ತಿಲ್ಲ" ಎಂಬಂಥವು. ಈಗಿನದ್ದೇ ಬೇರೆ. "ಎಂಥ ಮಾರಾಯ್ರೆ, ಮೊಬೈಲಲ್ಲಿ ಪಿಎಚ್ 7.86 ತೋರಿಸ್ತಾ ಉಂಟು. ಎರಡು ಚಮಚ ಬಫರ್ ಪುಡಿ ಹಾಕಿ ಆಯ್ತು, ಇನ್ನೂ ಹಾಕುವುದಾ?" ಮೀನು ಹೇಗುಂಟು ಎಂದರೆ "ಅದಕ್ಕೇನೂ ಆಗ್ಲಿಲ್ಲ, ಚಂದ ಉಂಟು" ಎನ್ನುತ್ತಾರೆ. ಪಿಎಚ್ ಎಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ; ಬಫರ್ ಪುಡಿ ಅದನ್ನು ಏರಿಸಲಿಕ್ಕೆ. ಚಂದ ಇದ್ದ ಟ್ಯಾಂಕಿಗೆ ಎರಡು ಚಮಚ ಯಾಕೆ ಬಿತ್ತು?

ಮೊಬೈಲಿಗೆ ಆ ಅಂಕಿ ಬರುವುದು ನೀರಿನಲ್ಲಿ ಅದ್ದಿಟ್ಟ ಪ್ರೋಬಿನಿಂದ. ಈ ಪ್ರೋಬ್ ನೇರವಾಗಿ ಪಿಎಚ್ ಅಳೆಯುವುದಿಲ್ಲ. ತುದಿಯ ತೆಳು ಗಾಜಿನ ಗುಳ್ಳೆಯಲ್ಲಿ ಹುಟ್ಟುವ ಕೆಲವು ಮಿಲಿವೋಲ್ಟ್ ಅಳೆಯುತ್ತದೆ, ಅದನ್ನು ಮೀಟರ್ ಪಿಎಚ್ ಆಗಿ ಲೆಕ್ಕ ಹಾಕುತ್ತದೆ. 25 ಡಿಗ್ರಿಯಲ್ಲಿ ಒಂದು ಪಿಎಚ್‌ಗೆ ಸುಮಾರು 59 ಮಿಲಿವೋಲ್ಟ್. ಇದು ಹೊಸ ಪ್ರೋಬಿನ ಮಾತು. ಗಾಜಿಗೆ ಪಾಚಿ ಕೂತು, ವಯಸ್ಸಾದಂತೆ 59 ಇದ್ದದ್ದು 55, 50 ಆಗುತ್ತದೆ. ಮೀಟರಿಗೆ ಅದು ಗೊತ್ತಾಗುವುದು ನೀವು ಪಿಎಚ್ ಗೊತ್ತಿರುವ ಎರಡು ದ್ರಾವಣದಲ್ಲಿ ಅದ್ದಿ ಹೊಂದಿಸಿದಾಗ, ಅಂದರೆ ಕ್ಯಾಲಿಬ್ರೇಷನ್ ಮಾಡಿದಾಗ ಮಾತ್ರ. ಹೆಚ್ಚಿನವರು 7ರ ದ್ರಾವಣದಲ್ಲಿ ಅದ್ದಿ ತೆಗೆದು ಮುಗಿಯಿತು ಎನ್ನುತ್ತಾರೆ. ಆಗ 7ರ ಹತ್ತಿರ ಎಲ್ಲ ಸರಿ, ಮೇಲೆ ಹೋದಂತೆ ತಪ್ಪು ಬೆಳೆಯುತ್ತದೆ. 50 ಮಿಲಿವೋಲ್ಟಿಗೆ ಇಳಿದ ಪ್ರೋಬನ್ನು 7ರಲ್ಲಿ ಮಾತ್ರ ಹೊಂದಿಸಿದರೆ, ನೀರಿನ ಪಿಎಚ್ ನಿಜವಾಗಿ 8.2 ಇದ್ದರೂ ಮೊಬೈಲಿನಲ್ಲಿ ಕಾಣುವುದು 8.02. ಎರಡು ದಶಾಂಶ ನೋಡಿ ಅಷ್ಟು ನಿಖರ ಎಂದು ನಂಬಬೇಡಿ. ದಶಾಂಶ ಎಷ್ಟು ಬೇಕಾದರೂ ತೋರಿಸಬಹುದು, ಪರದೆಗೇನು ಖರ್ಚು? ನಾನಂತೂ ಮನೆಯ ಪ್ರೋಬಿನ ಕೊನೆಯ ಅಂಕಿಯನ್ನು ಓದುವುದೇ ಇಲ್ಲ. ಅದರ ಹಿಂದಿನದ್ದನ್ನೂ ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ.

ಸಮುದ್ರದ ಟ್ಯಾಂಕಿಗೆ ಬೇಕಾದ್ದು 7 ಮತ್ತು 10ರ ದ್ರಾವಣ. ಸಿಹಿನೀರಿನವರ ಕಿಟ್‌ನಲ್ಲಿ ಬರುವ 4 ನಮಗಲ್ಲ. ಒಮ್ಮೆ ತೆರೆದ 10ರ ಬಾಟಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನಕ್ಕೆ ಇಳಿಯುತ್ತದೆ, ಹಾಗಾಗಿ ಚಿಕ್ಕ ಸ್ಯಾಶೆ ಒಳ್ಳೆಯದು. ಬಳಸಿದ್ದನ್ನು ಮತ್ತೆ ಬಾಟಲಿಗೆ ಸುರಿಯುವವರಿಗೆ ಏನು ಹೇಳುವುದೋ ತಿಳಿಯದು. ಪ್ರೋಬನ್ನು ಒಣಗಿಸಿಯೂ ಇಡಬಾರದು, ಆರ್‌ಒ ನೀರಿನಲ್ಲಿಯೂ ಇಡಬಾರದು. ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಅದಕ್ಕೆಂದೇ ಸಿಗುತ್ತದೆ. ಚೆನ್ನಾಗಿ ನೋಡಿಕೊಂಡರೂ ಒಂದೆರಡು ವರ್ಷಕ್ಕೆ ಬದಲಿಸಬೇಕಾದ ವಸ್ತು ಇದು. ಪಂಪ್ ಸ್ವಿಚ್ ಹಾಕಿದಾಗ ಅಂಕಿ ಹಾರಿದರೆ ಪ್ರೋಬನ್ನು ಬೈಯುವ ಮೊದಲು ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ನೋಡಿಸಿ.

ಪ್ರೋಬ್ ಸರಿ ಇದ್ದಾಗಲೂ ತಪ್ಪುವುದುಂಟು. ಕದ್ರಿಯ ಡಾಕ್ಟರೊಬ್ಬರ ಹಾಲಿನಲ್ಲಿ ದೊಡ್ಡ ಟ್ಯಾಂಕ್, ಜೂನ್ ಮಳೆ, ಕಿಟಕಿಗಳೆಲ್ಲ ಮುಚ್ಚಿ ಏಸಿ, ಮನೆ ತುಂಬ ನೆಂಟರು. ಬೆಳಗಿನ ಜಾವ ಪಿಎಚ್ 7.8. ಅವರು ದಿನಾ ಪುಡಿ ಹಾಕಿದ್ದೇ ಹಾಕಿದ್ದು. ನಾನು ಹೋದಾಗ ಹೀಟರ್ ಮತ್ತು ಪಂಪಿನ ಮೇಲೆ ಸುಣ್ಣದಂಥ ಬಿಳಿ ಪೊರೆ ಕಟ್ಟಿತ್ತು. ಪುಡಿ ಹಾಕಿದಷ್ಟೂ ಏರುವ ಕ್ಷಾರೀಯತೆ, ಅಂದರೆ ಕೆಎಚ್, 14 ದಾಟಿತ್ತು. ನಾನು ಹೆಚ್ಚಿನ ಟ್ಯಾಂಕ್‌ಗಳನ್ನು 8ರಿಂದ 9ರಲ್ಲಿ ಇಡುತ್ತೇನೆ. ಒಂದು ಲೋಟ ನೀರು ತೆಗೆದು ಹೊರಗೆ ಜಗಲಿಯಲ್ಲಿಟ್ಟು, ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿ, ಒಂದು ಗಂಟೆ ಕಾಫಿ ಕುಡಿಯುತ್ತ ಕೂತೆವು. ಪಿಎಚ್ ಏರಿತು. ಮುಚ್ಚಿದ ಕೋಣೆಯಲ್ಲಿ ಜನರ ಉಸಿರಿನ ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರಿ ಪಿಎಚ್ ಇಳಿಸಿತ್ತು, ಅಷ್ಟೆ. "ಹಾಗಾದ್ರೆ ಮದ್ದು ಕಿಟಕಿಯಾ?" ಎಂದು ನಕ್ಕರು ಡಾಕ್ಟರು. ಆ ಮನೆಯಲ್ಲಿ ಹೌದು. ನಿಮ್ಮ ಮನೆಯದ್ದನ್ನು ನೋಡದೆ ಹೇಳಲಾರೆ. ಆದರೆ ಕೆಎಚ್ ಟೆಸ್ಟ್ ಕಿಟ್ ಹನಿಸಿ ನೋಡದೆ ಪಿಎಚ್ ಏರಿಸಲು ಏನನ್ನೂ ಹಾಕಬೇಡಿ. ಪುಡಿ ಸುರಿಯುವ ಅಧಿಕಾರವನ್ನು ಪಂಪಿಗೆ ಕೊಟ್ಟು, ಆ ಪಂಪನ್ನು ಪಿಎಚ್ ಪ್ರೋಬಿಗೆ ಒಪ್ಪಿಸುವುದಂತೂ ಬೇಡವೇ ಬೇಡ.

ಹಾಗಾದರೆ ಪ್ರೋಬ್ ಯಾತಕ್ಕೆ ಎಂದು ಕೇಳುತ್ತಾರೆ. ಏರಿಳಿತ ನೋಡಲಿಕ್ಕೆ. ಮೀನು ಮಾರ್ಕೆಟಿನ ತಕ್ಕಡಿ ಐವತ್ತು ಗ್ರಾಂ ತಪ್ಪಿದರೂ ಯಾವ ಅಂಜಲ್ ದೊಡ್ಡದು ಎಂದು ಹೇಳಿಯೇ ಹೇಳುತ್ತದೆ. ಸಂಜೆ ಏರಿ, ಬೆಳಗಿನ ಜಾವ ಇಳಿಯುವ ಗೆರೆ ದಿನಾ ಒಂದೇ ರೀತಿ ಇದ್ದರೆ ಟ್ಯಾಂಕ್ ನೆಮ್ಮದಿಯಲ್ಲಿದೆ. ಆ ಗೆರೆ ಒಂದು ವಾರದಲ್ಲಿ ಜಾರಿದರೆ ಮಾತ್ರ ನನಗೆ ಫೋನ್ ಮಾಡಿ.

ಉಪ್ಪಿನಂಶದ ಪ್ರೋಬಿನ ಕಥೆ ಇನ್ನೂ ಚಂದ. ಅದು ಅಳೆಯುವುದು ನೀರಿನ ವಿದ್ಯುತ್ ವಾಹಕತೆ. 35 ಪಿಪಿಟಿ, ಅಂದರೆ ಸಾವಿರಕ್ಕೆ 35 ಪಾಲು ಉಪ್ಪಿರುವ ನೀರು 25 ಡಿಗ್ರಿಯಲ್ಲಿ ಸುಮಾರು 53 ಮಿಲಿಸೀಮೆನ್ಸ್ ತೋರಿಸಬೇಕು. ತುದಿಯಲ್ಲಿ ಗಾಳಿಗುಳ್ಳೆ ಸಿಕ್ಕಿದರೆ ಕಡಿಮೆ ತೋರಿಸುತ್ತದೆ, ಬೆರಳಿನಿಂದ ತಟ್ಟಿದರೆ ಸರಿಯಾಗುತ್ತದೆ. ಉಡುಪಿಯ ಒಬ್ಬರು ಪ್ರೋಬ್ ಹೊಂದಿಸಲು ಸಿಗುವ 53ರ ದ್ರಾವಣಕ್ಕೆ ಯಾಕೆ ದುಡ್ಡು ಎಂದು ಮಲ್ಪೆ ಕಡಲಿನಿಂದಲೇ ಒಂದು ಬಾಟಲಿ ನೀರು ತಂದು, "ಸಮುದ್ರ ಅಂದ್ರೆ 35 ಅಲ್ವಾ" ಎಂದು ಅದಕ್ಕೇ ಪ್ರೋಬನ್ನು ಹೊಂದಿಸಿದರು. ಅದೂ ಜೋರು ಮಳೆಯ ಆಟಿ ತಿಂಗಳಲ್ಲಿ! ಹೊಳೆಗಳೆಲ್ಲ ತುಂಬಿ ಕಡಲಿಗೆ ಸೇರುವಾಗ ದಡದ ನೀರಿಗೆ ಎಲ್ಲಿಯ 35? ನೇತ್ರಾವತಿ, ಗುರುಪುರ ಹೊಳೆ ಸೇರುವ ನಮ್ಮ ಬೆಂಗ್ರೆ, ತಣ್ಣೀರುಬಾವಿ ಕಡೆಯೂ ಅದೇ ಪಾಡು. ಟ್ಯಾಂಕಿಗೂ ಅದೇ ನೀರು ಹಾಕಿದ್ದರು. ಮೊಬೈಲಿನಲ್ಲಿ 35 ಗಟ್ಟಿಯಾಗಿ ಕೂತಿದ್ದಂತೆಯೇ ಸ್ಟಾರ್‌ಫಿಶ್ ಮೊದಲು ಹೋಯಿತು, ಮತ್ತೆ ಸಿಗಡಿಗಳು.

ಈಗ ಅವರ ಮನೆಯಲ್ಲಿ ರಿಫ್ರಾಕ್ಟೋಮೀಟರ್ ಉಂಟು, ಬೆಳಕು ಬಾಗುವುದರಿಂದ ಉಪ್ಪಿನಂಶ ಹೇಳುವ ಸಾಧನ. ಅದನ್ನೂ ಆರ್‌ಒ ನೀರಿನ ಸೊನ್ನೆಗೆ ಹೊಂದಿಸುತ್ತಿದ್ದರು. 35ರ ದ್ರಾವಣವನ್ನೇ ಹನಿಸಿ ನೋಡಿ ಎಂದು ಹೇಳಿ ಬಂದಿದ್ದೇನೆ.