ಕೊಡಗಿನ ಮಳೆಗಾಲಕ್ಕೆ ಕೋವಿಗೆ ಯಾವ ಲೇಪ?

ಕೋವಿಗೆ ತುಕ್ಕು ಹಿಡಿಯಲು ಅದು ಮಳೆಯಲ್ಲಿ ನೆನೆಯಲೇಬೇಕೆಂದಿಲ್ಲ. ಗಾಳಿಯ ತೇವಾಂಶ ಶೇ. 60–70 ದಾಟಿದರೆ ಸಾಕು, ಉಕ್ಕಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂರುತ್ತದೆ. ಬೆರಳ ಬೆವರಿನ ಉಪ್ಪು ಅದರಲ್ಲಿ ಕರಗಿದರೆ ತುಕ್ಕಿನ ವೇಗ ಇನ್ನೂ ಹೆಚ್ಚುತ್ತದೆ. ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಮಡಿಕೇರಿಯಂಥ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿನ ಗಾಳಿಯೇ ಆ ಗಡಿಯ ಮೇಲಿರುತ್ತದೆ.

ಕೊಡವರಿಗೂ ಜಮ್ಮಾ ಭೂಮಿ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಹಿಡುವಳಿದಾರರಿಗೂ ಶಸ್ತ್ರ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ ಕೊನೆಯವರೆಗೆ ವಿಸ್ತರಿಸಿತು. ಹೀಗಾಗಿ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ, ಜೋಡಿನಳಿಗೆ, .315 ಬೋರ್ ರೈಫಲ್ ಹೀಗೆ ಬೇರೆ ಬೇರೆ ತಲೆಮಾರಿನ ಆಯುಧಗಳನ್ನು ಈ ಜಿಲ್ಲೆಯಲ್ಲಿ ಕಾಣಬಹುದು. ಇವೆಲ್ಲಕ್ಕೂ ಒಂದೇ ಲೇಪ ಹೊಂದುವುದಿಲ್ಲ. ಬಣ್ಣ, ಬೆಲೆ ಎಲ್ಲ ಆಮೇಲೆ. ನಳಿಗೆಯನ್ನು ಹೇಗೆ ಕಟ್ಟಿದ್ದಾರೆ ಎಂಬುದನ್ನು ಮೊದಲು ನೋಡಬೇಕು.

ಕಾರ್ಖಾನೆಯಿಂದ ಬರುವ ಹೆಚ್ಚಿನ ಕೋವಿಗಳ ಕಪ್ಪು–ನೀಲಿ ಹೊಳಪು ಬಿಸಿ ಬ್ಲೂಯಿಂಗ್‌ನದು. ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ನೈಟ್ರೇಟ್‌ನ ಗಟ್ಟಿ ದ್ರಾವಣವನ್ನು 135ರಿಂದ 150 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಸಿ, ಎಣ್ಣೆಯ ಪಸೆ ಪೂರ್ತಿ ತೆಗೆದ ಉಕ್ಕನ್ನು ಸುಮಾರು ಅರ್ಧ ಗಂಟೆ ಅದರಲ್ಲಿ ಮುಳುಗಿಸುತ್ತಾರೆ. ಉಕ್ಕಿನ ಮೇಲ್ಮೈಯೇ ಮ್ಯಾಗ್ನಟೈಟ್ ಎಂಬ ಕಪ್ಪು ಆಕ್ಸೈಡ್ ಆಗುತ್ತದೆ. ದಪ್ಪ ಒಂದೆರಡು ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಭಾಗ) ಅಷ್ಟೆ. ಇಷ್ಟು ತೆಳು ಪದರ ನೀರನ್ನು ತಡೆಯುವುದಿಲ್ಲ. ಸಣ್ಣ ರಂಧ್ರಗಳಲ್ಲಿ ಎಣ್ಣೆಯನ್ನು ಹಿಡಿದಿಡುತ್ತದೆ, ತಡೆಯುವ ಕೆಲಸ ಆ ಎಣ್ಣೆಯದು. ಎಣ್ಣೆ ಒರೆಸಿಹೋದ ಬ್ಲೂಯಿಂಗ್ ಮಳೆಗಾಲದಲ್ಲಿ ಹೆಚ್ಚು ದಿನ ತಾಳದು. ಇನ್ನೊಂದು ವಿಷಯ: ಹುಣಸೆಹುಳಿ, ನಿಂಬೆರಸ, ವಿನಿಗರ್, ಅಂಗಡಿಯಲ್ಲಿ ಸಿಗುವ ಆಮ್ಲದ ತುಕ್ಕುನಾಶಕ, ಇವೆಲ್ಲ ಕೆಂಪು ತುಕ್ಕಿನ ಜೊತೆ ಈ ಕಪ್ಪು ಪದರವನ್ನೂ ತಿಂದುಹಾಕುತ್ತವೆ. ಹಿತ್ತಾಳೆ ಪಾತ್ರೆ ತಿಕ್ಕುವ ವಿದ್ಯೆಯನ್ನು ನಳಿಗೆಯ ಮೇಲೆ ತೋರಿಸಬಾರದು.

ಜೋಡಿನಳಿಗೆಗೆ ಬಿಸಿ ಬ್ಲೂಯಿಂಗ್ ಬೇಡವೇ ಬೇಡ. ಎರಡು ನಳಿಗೆಗಳನ್ನೂ ನಡುವಿನ ಪಟ್ಟಿಯನ್ನೂ ಕೂಡಿಸಿರುವುದು ಸಾಮಾನ್ಯವಾಗಿ ಸೀಸ–ತವರದ ಬೆಸುಗೆ. 150 ಡಿಗ್ರಿಯಲ್ಲಿ ಅದು ಕರಗುವುದಿಲ್ಲವಲ್ಲ ಎಂದು ವಾದಿಸುವವರಿದ್ದಾರೆ. ಆದರೆ ಅಪಾಯ ಶಾಖದಿಂದಲ್ಲ, ಕ್ಷಾರದಿಂದ. ಕಾಯಿಸಿದ ಕಾಸ್ಟಿಕ್ ತವರವನ್ನೂ ಸೀಸವನ್ನೂ ಕೊರೆಯುತ್ತದೆ, ಪಟ್ಟಿ ಸಡಿಲವಾಗುತ್ತದೆ. ಪಟ್ಟಿಯಡಿಯ ಸಂದಿಗೆ ನುಗ್ಗಿದ ಲವಣ ಎಷ್ಟು ತೊಳೆದರೂ ಪೂರ್ತಿ ಹೊರಬರುವುದಿಲ್ಲ. ತಿಂಗಳುಗಳ ನಂತರ ಬಿಳಿ ಪುಡಿಯಾಗಿ ಜಿನುಗುತ್ತದೆ, ಒಳಗಿಂದೊಳಗೇ ಉಕ್ಕನ್ನು ಮೇಯುತ್ತದೆ. ಅಲ್ಯೂಮಿನಿಯಂ ಭಾಗಗಳಿದ್ದರೆ ಅವೂ ಕಾಸ್ಟಿಕ್‌ನಲ್ಲಿ ಕರಗುತ್ತವೆ.

ಇಂಥ ಕೋವಿಗಳಿಗಿರುವುದು ಹಳೆಯ ನಿಧಾನ ವಿಧಾನ, ರಸ್ಟ್ ಬ್ಲೂಯಿಂಗ್. ಪಸೆ ತೆಗೆದ ನಳಿಗೆಗೆ ಆಮ್ಲೀಯ ದ್ರಾವಣವನ್ನು ತೆಳುವಾಗಿ ಸವರಿ, ತೇವದ ಪೆಟ್ಟಿಗೆಯಲ್ಲಿ ಕೆಲವು ಗಂಟೆ ಇಟ್ಟು, ಬೇಕೆಂದೇ ಕೆಂಪು ತುಕ್ಕು ಬರಿಸುತ್ತಾರೆ. ಬಳಿಕ ಬಟ್ಟಿ ಇಳಿಸಿದ ನೀರಿನಲ್ಲಿ ಕುದಿಸಿದರೆ ಆ ಕೆಂಪು ಕಪ್ಪಾಗುತ್ತದೆ. ಸಡಿಲವಾದ ಕಪ್ಪು ಮಸಿಯನ್ನು ಅತಿ ಮೃದುವಾದ ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆದು ಮತ್ತೆ ಸವರುತ್ತಾರೆ. ಹೀಗೆ ಐದಾರು ಸುತ್ತು, ಕೆಲವೊಮ್ಮೆ ಇನ್ನೂ ಹೆಚ್ಚು. ಕುದಿಸಲು ನಲ್ಲಿನೀರು ಬಳಸಿದರೆ ಅದರ ಖನಿಜಗಳಿಂದ ಕಲೆ ಬೀಳುತ್ತದೆ. ನಡುವೆ ಬರಿಗೈ ತಗುಲಿದರೆ ಆ ಜಾಗದಲ್ಲಿ ಬಣ್ಣ ಹಿಡಿಯುವುದಿಲ್ಲ. ಇದರಲ್ಲಿ ಕಾಸ್ಟಿಕ್ ಇಲ್ಲ, ಶಾಖವೂ ನೀರು ಕುದಿಯುವ ಮಟ್ಟ ಮೀರುವುದಿಲ್ಲ, ಹೀಗಾಗಿ ಬೆಸುಗೆಗೆ ಭಯವಿಲ್ಲ. ಕೂಲಿ ಹೆಚ್ಚು, ದಿನಗಳೂ ಹೆಚ್ಚು, ಆದರೂ ಹಳೆಯ ಜೋಡಿನಳಿಗೆಗೆ ಇದಕ್ಕಿಂತ ಒಳ್ಳೆಯದು ಕಾಣೆ.

ಬಾಟಲಿಯಲ್ಲಿ ಸಿಗುವ ಕೋಲ್ಡ್ ಬ್ಲೂ ಗೀರು ಮುಚ್ಚಲು ಸರಿ. ಅದು ಸೆಲೆನಿಯಂ–ತಾಮ್ರದ ಬಣ್ಣ, ರಕ್ಷಣೆ ಬಹಳ ಕಡಿಮೆ.

ಬೆಸುಗೆಯಿಲ್ಲದ ಒಂಟಿನಳಿಗೆಗೂ ರೈಫಲ್‌ಗೂ ಆಯ್ಕೆ ಹೆಚ್ಚು. ಎರಡನೇ ಮಹಾಯುದ್ಧದ ಅಮೆರಿಕನ್ ರೈಫಲ್‌ಗಳ ಬೂದು ಮೈ ನೋಡಿದವರಿಗೆ ಪಾರ್ಕರೈಸಿಂಗ್ ಗೊತ್ತು. ಮರಳು ಬೀಸಿ ಒರಟು ಮಾಡಿದ ಉಕ್ಕನ್ನು 90 ಡಿಗ್ರಿ ಆಸುಪಾಸಿನ ಫಾಸ್ಫಾರಿಕ್ ಆಮ್ಲದ ದ್ರಾವಣದಲ್ಲಿ ಅದ್ದಿದಾಗ ಮ್ಯಾಂಗನೀಸ್ ಅಥವಾ ಸತುವಿನ ಫಾಸ್ಫೇಟ್ ಹರಳುಗಳು ಬೆಳೆಯುತ್ತವೆ. ಪದರ ಬ್ಲೂಯಿಂಗ್‌ಗಿಂತ ಹಲವು ಪಟ್ಟು ದಪ್ಪ, ಎಣ್ಣೆಯನ್ನು ಸ್ಪಂಜಿನಂತೆ ಹೀರುತ್ತದೆ. ಅಂದವಿಲ್ಲ, ಆದರೆ ತೋಟದಲ್ಲಿ ಹೊತ್ತು ತಿರುಗುವ ಕೋವಿಗೆ ಅಂದಕ್ಕಿಂತ ಅದು ವಾಸಿ. ಕರಗಿಸಿದ ಲವಣದಲ್ಲಿ ಅದ್ದುವ ನೈಟ್ರೈಡಿಂಗ್ ಇನ್ನೂ ಗಟ್ಟಿ. ಸಾರಜನಕವೂ ಇಂಗಾಲವೂ ಉಕ್ಕಿನೊಳಕ್ಕೇ ಇಳಿಯುತ್ತವೆ. ಆದರೆ ಸುಮಾರು 570 ಡಿಗ್ರಿ ಶಾಖ ಬೇಕು. ಅಷ್ಟರಲ್ಲಿ ಬೆಸುಗೆ ಕರಗುತ್ತದೆ, ಸ್ಪ್ರಿಂಗುಗಳ ಬಿಗಿ ಹೋಗುತ್ತದೆ. ಅದು ಹೊಸ ಕೋವಿಗೆ ಕಾರ್ಖಾನೆಯಲ್ಲೇ ಆಗಬೇಕಾದ ಕೆಲಸ.

ಸೆರಾಕೋಟ್‌ನಂಥ ಪಿಂಗಾಣಿ ಬೆರೆತ ಪಾಲಿಮರ್ ಬಣ್ಣ ಎಣ್ಣೆಯನ್ನು ನಂಬದೆ ತಾನೇ ನೀರನ್ನು ತಡೆಯುತ್ತದೆ. ಸುಮಾರು 25 ಮೈಕ್ರಾನ್ ದಪ್ಪಕ್ಕೆ ಸಿಂಪಡಿಸಿ, ಒಲೆಯಲ್ಲಿ ಬೇಯಿಸುವ ಬಗೆಯಾದರೆ 121 ಡಿಗ್ರಿಯಲ್ಲಿ ಎರಡು ಗಂಟೆ ಇಡುತ್ತಾರೆ. ಕೆಲಸ ಕೆಡುವುದು ಬಣ್ಣದಿಂದಲ್ಲ, ತಯಾರಿಯಿಂದ. ತಿರುಪಿನ ತೂತು, ಪಿನ್ನಿನ ಸಂದಿಗಳಲ್ಲಿ ವರ್ಷಗಳಿಂದ ಕುಳಿತ ಎಣ್ಣೆ ಒಲೆಯ ಶಾಖಕ್ಕೆ ಹೊರಬಂದು ಬಣ್ಣವನ್ನು ಸರಿಸುತ್ತದೆ, ಸಣ್ಣ ಸಣ್ಣ ಕುಳಿಗಳುಳಿಯುತ್ತವೆ. ಅದಕ್ಕೇ ಅಸಿಟೋನ್‌ನಲ್ಲಿ ನೆನೆಸಿ, ಬಣ್ಣವಿಲ್ಲದೆ ಒಮ್ಮೆ ಕಾಯಿಸಿ, ಎಣ್ಣೆ ಜಿನುಗಿದರೆ ಮತ್ತೆ ಅಸಿಟೋನ್‌ಗೆ ಹಾಕುತ್ತಾರೆ. ಅಂಚಿನಲ್ಲಿ ಬಣ್ಣ ಕಿತ್ತರೆ ತುಕ್ಕು ಪದರದಡಿಯಲ್ಲೇ ಹರಿಯುತ್ತದೆ, ಹೊರಗೆ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಮೊದಲು ಮರಳು ಬೀಸಿ ಮೇಲ್ಮೈ ಒರಟು ಮಾಡುವಾಗ ಕೋವಿಯ ನಂಬರ್ ಅಳಿಯದಂತೆ ನೋಡಿಕೊಳ್ಳಬೇಕು. ನಂಬರ್ ಅಳಿದರೆ ಕಾನೂನಿನ ತಕರಾರು. ಇಂಥ ಕೆಲಸವನ್ನೆಲ್ಲ ಪರವಾನಗಿ ಇರುವ ಕೋವಿ ರಿಪೇರಿಯವರಿಂದಲೇ ಮಾಡಿಸಬೇಕು.

ಹೊರಮೈಗೆ ಹಚ್ಚುವ ಬಣ್ಣ ನಳಿಗೆಯ ಒಳಗೆ ಹೋಗುವುದಿಲ್ಲ ಎಂಬುದನ್ನು ಮರೆಯುವವರೇ ಹೆಚ್ಚು. ಒಳಮೈಗೆ ಇರುವ ಗಟ್ಟಿ ಪರಿಹಾರ ಕ್ರೋಮ್ ಲೇಪ. ವಿಯೆಟ್ನಾಂಗೆ ಮೊದಲು ಹೋದ ಅಮೆರಿಕದ ಎಂ16 ರೈಫಲ್‌ಗಳ ತೋಟಾ ಕೂರುವ ಗೂಡಿಗೆ ಕ್ರೋಮ್ ಇರಲಿಲ್ಲ. ಅಲ್ಲಿನ ತೇವಕ್ಕೆ ಗೂಡು ತುಕ್ಕು ತಿಂದು ಕುಳಿಬಿತ್ತು, ಸಿಡಿದ ತೋಟಾದ ಕವಚ ಅಲ್ಲೇ ಕಚ್ಚಿಕೊಳ್ಳತೊಡಗಿತು. ಸಿಡಿಮದ್ದು ಬದಲಾದದ್ದೂ ಸೇರಿ ಬೇರೆ ಕಾರಣಗಳೂ ಇದ್ದವು. ಮುಂದೆ ಆ ಗೂಡಿಗೆ ಕ್ರೋಮ್ ಲೇಪ ಬಂತು. ಸ್ಟೇನ್‌ಲೆಸ್ ನಳಿಗೆಯೂ ಪೂರ್ತಿ ನಿಶ್ಚಿಂತೆಯಲ್ಲ. ಕೋವಿಗೆ ಬಳಸುವ 416 ಎಂಬ ದರ್ಜೆಯ ಸ್ಟೇನ್‌ಲೆಸ್ ಉಕ್ಕನ್ನು ಸುಲಭವಾಗಿ ಕಡೆಯಲೆಂದು ಗಂಧಕ ಬೆರೆಸಿರುತ್ತಾರೆ. ಉಪ್ಪು ತಗುಲಿದರೆ ಅದಕ್ಕೂ ಕುಳಿ ಬೀಳುತ್ತದೆ.

ಕೇಪಿನ ಕೋವಿಯ ಲೆಕ್ಕವೇ ಬೇರೆ. ಸುಗ್ಗಿಯ ಹಬ್ಬ ಪುತ್ತರಿಗೆ ಗುಂಡು ಹಾರಿಸಿದ ಮೇಲೆ ಕರಿಮದ್ದು ಉಳಿಸುವ ಮಸಿಯಲ್ಲಿ ಪೊಟ್ಯಾಸಿಯಂ ಲವಣಗಳಿರುತ್ತವೆ. ಅವು ಗಾಳಿಯ ನೀರನ್ನು ಎಳೆದುಕೊಳ್ಳುತ್ತವೆ, ಎಣ್ಣೆಯಲ್ಲಿ ಕರಗುವುದಿಲ್ಲ. ಬರೀ ಎಣ್ಣೆಬಟ್ಟೆ ಎಳೆದರೆ ಲವಣ ಎಣ್ಣೆಯಡಿ ಭದ್ರವಾಗಿ ಉಳಿಯುತ್ತದೆ. ಆದ್ದರಿಂದ ಅದೇ ದಿನ, ಮದ್ದು ತುಂಬಿಲ್ಲವೆಂದು ಖಚಿತಪಡಿಸಿಕೊಂಡು, ಸೋಪಿನ ಬಿಸಿನೀರಿನಲ್ಲಿ ಒಳಗೆಲ್ಲ ತೊಳೆದು, ಬಟ್ಟೆ ಬೆಳ್ಳಗೆ ಬರುವವರೆಗೆ ಒರೆಸಿ, ಉಕ್ಕಿನ ಬಿಸಿ ಆರುವ ಮುನ್ನ ಎಣ್ಣೆ ಹಾಕಬೇಕು.

ಯಾವ ಲೇಪವಿದ್ದರೂ ತುಕ್ಕು ಶುರುವಾಗುವುದು ಹೆಚ್ಚಾಗಿ ಮರದ ಅಡಿಯಲ್ಲಿ. ನೆನೆದ ಮರ ದಿನಗಟ್ಟಲೆ ನೀರು ಬಿಡುತ್ತದೆ, ಮೇಲಿಂದ ಕಾಣುವುದಿಲ್ಲ. ಮಳೆಗೆ ಮುಂಚೆ ಮರ ಬಿಚ್ಚಿಸಿ ಆ ಭಾಗಕ್ಕೆ ತೆಳುವಾಗಿ ಗ್ರೀಸ್ ಅಥವಾ ಮೇಣ ಸವರಿಸುವುದು ದುಬಾರಿ ಲೇಪಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ ದಿನ ಹಚ್ಚಿದ ಗಂಧದ ಬೊಟ್ಟು, ನಳಿಗೆಯ ಬಾಯಿಗೆ ಸಿಕ್ಕಿಸಿದ ತೋಕ್ ಪೂ (ಕೋವಿ ಹೂ), ಎರಡೂ ಹಸಿ. ಪೂಜೆ ಮುಗಿದ ಸಂಜೆಯೇ ತೆಗೆದು ಒರೆಸಿದರೆ ಕಲೆ ಕೂರುವುದಿಲ್ಲ. ಚರ್ಮದ ಅಥವಾ ಕ್ಯಾನ್ವಾಸ್ ಚೀಲದಲ್ಲಿ ತಿಂಗಳುಗಟ್ಟಲೆ ಇಡಬಾರದು, ಅವು ತೇವವನ್ನು ಉಕ್ಕಿಗೇ ಅಂಟಿಸಿಡುತ್ತವೆ. ಬೀಗದ ಉಕ್ಕಿನ ಕಪಾಟಿನಲ್ಲಿ ಸಿಲಿಕಾ ಜೆಲ್ ಜೊತೆ ತೇವಾಂಶ ಮಾಪಕವೊಂದನ್ನು ಇಟ್ಟು, ಮುಳ್ಳು ಶೇ. 50 ದಾಟಿದಾಗ ಜೆಲ್ಲನ್ನು 120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಹಾರಿಸುವ ಮುನ್ನ ಮಾತ್ರ ನಳಿಗೆಯೊಳಗಿನ ಎಣ್ಣೆ, ಗ್ರೀಸನ್ನು ಒಣಬಟ್ಟೆಯಿಂದ ಪೂರ್ತಿ ತೆಗೆಯಬೇಕು; ಗುಂಡಿನ ದಾರಿಯಲ್ಲಿ ಗ್ರೀಸ್ ಗಟ್ಟಿಯಾಗಿ ಕೂತಿದ್ದರೆ ಒತ್ತಡ ಏರಿ ನಳಿಗೆಯೇ ಉಬ್ಬಬಹುದು.